ಅತ್ತೆ ತೇಲಿದ ತೊಟ್ಟಿ

ನಮ್ಮ ಮನೆಯ ಹಿತ್ತಲಿನಲ್ಲಿ ಎರಡು ವರ್ಷ ಸ್ವಿಮ್ಮಿಂಗ್ ಪೂಲ್ ಇತ್ತು ಎಂದರೆ ಚಾಮರಾಜಪೇಟೆಯ ಅಡ್ಡರಸ್ತೆಗಳನ್ನು ಬಲ್ಲವರು ನನ್ನ ಮುಖ ನೋಡಿ ನಗುತ್ತಾರೆ. ಸ್ಕೂಟರ್ ನಿಲ್ಲಿಸಲು ಜಾಗ ಸಿಕ್ಕಿದರೆ ಅವತ್ತಿನ ದಿನ ಚೆನ್ನಾಗಿದೆ ಎಂದುಕೊಳ್ಳುವ ಬೀದಿ ನಮ್ಮದು. ಆದರೂ ಇತ್ತು. ಹಿಂದೊಮ್ಮೆ ಹಸು ಕಟ್ಟುತ್ತಿದ್ದ, ಆಮೇಲೆ ಮುರಿದ ಕುರ್ಚಿ, ಖಾಲಿ ಗೋಣಿಚೀಲ ಎಸೆಯುತ್ತಿದ್ದ ಜಾಗದಲ್ಲಿ ಕಬ್ಬಿಣದ ಪೈಪುಗಳ ಚೌಕಟ್ಟು, ಅದಕ್ಕೆ ತೂಗುಹಾಕಿದ ದಪ್ಪ ನೀಲಿ ಪ್ಲಾಸ್ಟಿಕ್ ಹಾಳೆ, ಅದರೊಳಗೆ ಸೊಂಟಮಟ್ಟ ನೀರು. ಮನೆಯಲ್ಲಿ ಅದನ್ನು ಯಾರೂ ಪೂಲ್ ಎನ್ನಲಿಲ್ಲ. ಅತ್ತೆ ಮೊದಲ ದಿನವೇ ‘ತೊಟ್ಟಿ’ ಎಂದರು, ಅದೇ ಹೆಸರು ನಿಂತಿತು.

ಅತ್ತೆ ಎಂದರೆ ನನ್ನ ಹೆಂಡತಿಯ ತಾಯಿ. ಮನೆ ಅವರದು. ಮದುವೆಯಾದ ಹೊಸದರಲ್ಲಿ, ಒಳ್ಳೆಯ ಬಾಡಿಗೆ ಮನೆ ಸಿಗುವವರೆಗೆ ಎಂದು ಬಂದು ಉಳಿದವನು ನಾನು. ಒಳ್ಳೆಯ ಬಾಡಿಗೆ ಮನೆ ಇನ್ನೂ ಸಿಕ್ಕಿಲ್ಲ. ಮಾವ ಹೋದ ಮೇಲೆ ತರಗುಪೇಟೆಯ ಬೇಳೆಕಾಳಿನ ಮಂಡಿಯನ್ನು ಅತ್ತೆಯೇ ವರ್ಷಾನುಗಟ್ಟಲೆ ನಡೆಸಿದರು. ಹಣೆಯ ತುಂಬ ವಿಭೂತಿ, ಗಲ್ಲಾಪೆಟ್ಟಿಗೆಯ ಮೇಲೆ ಮೊಣಕೈ, ಒಂದು ಹಿಡಿ ತೊಗರಿಬೇಳೆಯನ್ನು ಅಂಗೈಯಲ್ಲಿ ಉಜ್ಜಿ ಇದು ಯಾವ ಕಡೆಯದೆಂದು ಹೇಳಿಬಿಡುವ ಹೆಂಗಸು. ಆ ಅಂಗಡಿಯ ಎತ್ತರದ ಮೆಟ್ಟಿಲುಗಳನ್ನು ಹತ್ತಿ ಇಳಿದು ಎರಡೂ ಮೊಣಕಾಲು ಸವೆದುಹೋಗಿದ್ದವು. “ಒಂದು ಮಂಡಿ ನಡೆಸೋಕೆ ಹೋಗಿ ಎರಡು ಮಂಡಿ ಕಳ್ಕೊಂಡೆ” ಎಂದು ಬಂದವರಿಗೆಲ್ಲ ಹೇಳುತ್ತಿದ್ದರು. ಕೊನೆಗೆ ಅಂಗಡಿಯನ್ನು ತಮ್ಮನಿಗೆ ಒಪ್ಪಿಸಿ, ಬಲಗಾಲಿನ ಮಂಡಿಗೆ ಆಪರೇಷನ್ ಮಾಡಿಸಿಕೊಂಡರು.

ಆಪರೇಷನ್ ಚೆನ್ನಾಗಿಯೇ ಆಯಿತು. ಆದರೆ ಎಷ್ಟೋ ತಿಂಗಳಾದರೂ ಅತ್ತೆ ಗೋಡೆ ಬಿಡಲಿಲ್ಲ. ನಡುಮನೆಯಿಂದ ಅಡುಗೆಮನೆಗೆ ಹೋಗುವಾಗಲೂ ಒಂದು ಕೈ ಗೋಡೆಯ ಮೇಲೆ. ನಡುಮನೆಯ ಗೋಡೆಯ ಸುಣ್ಣದ ಮೇಲೆ ಅವರ ಅಂಗೈ ಓಡಾಡಿದ ಉದ್ದಕ್ಕೂ ಒಂದು ಕಂದು ಪಟ್ಟಿಯೇ ಮೂಡಿತ್ತು. ಡಾಕ್ಟರು ಎಕ್ಸ್‌ರೇ ನೋಡಿ, “ಕೀಲು ಸರಿಯಾಗಿ ಕೂತಿದೆ ಅಮ್ಮ. ಭಯ ಒಂದು ಹೋಗ್ಬೇಕು. ನೀರಲ್ಲಿ ನಡೆದು ಅಭ್ಯಾಸ ಮಾಡಿ. ಭಾರ ನೀರು ಹೊರುತ್ತೆ, ಬಿದ್ರೂ ಪೆಟ್ಟಾಗಲ್ಲ” ಎಂದರು.

ನನ್ನ ಹೆಂಡತಿ ಹೈಸ್ಕೂಲಿನಲ್ಲಿ ಗಣಿತದ ಮೇಡಂ. ಲೆಕ್ಕ ಕೊಟ್ಟರೆ ಬಿಡಿಸದೆ ಮಲಗುವವಳಲ್ಲ. ಮಹಿಳೆಯರಿಗೆ ಪ್ರತ್ಯೇಕ ಸಮಯವಿರುವ ಈಜುಕೊಳವೊಂದನ್ನು ಅವತ್ತೇ ಹುಡುಕಿದಳು. ಅತ್ತೆ ಕಣ್ಣು ದೊಡ್ಡದು ಮಾಡಿದರು.

“ಈ ವಯಸ್ಸಲ್ಲಿ ಅಲ್ಲಿಗೆ ಹೋಗಿ ನಾಲ್ಕು ಜನರ ಮುಂದೆ ಒದ್ದೆ ಆಗ್ಲಾ ನಾನು? ಆಗಲ್ಲ ಕಣೆ.”

“ಸರಿ ಹಾಗಾದ್ರೆ. ನೀನು ನೀರಿನ ಹತ್ರ ಹೋಗಲ್ಲ ಅಂದ್ರೆ ನೀರೇ ಇಲ್ಲಿಗೆ ಬರುತ್ತೆ” ಎಂದು ಇವಳು ಫೋನಿನಲ್ಲಿ ಈ ತೊಟ್ಟಿಯ ಚಿತ್ರ ತೋರಿಸಿದಳು. ಚಿತ್ರದಲ್ಲಿ ಯಾವುದೋ ದೇಶದ ಮಕ್ಕಳು ಹುಲ್ಲುಹಾಸಿನ ನಡುವೆ ನೀರೆರಚಿಕೊಂಡು ನಗುತ್ತಿದ್ದರು. ಅತ್ತೆ ಕನ್ನಡಕ ಏರಿಸಿ ಬಹಳ ಹೊತ್ತು ನೋಡಿದರು. ಬೇಡ ಎನ್ನಲಿಲ್ಲ. ಅವರು ಬೇಡ ಎನ್ನದಿದ್ದರೆ ವ್ಯಾಪಾರ ಕುದುರಿದ ಹಾಗೆ.

ತಾರಸಿಯ ಮೇಲೆ ಇಡೋಣ, ಬಿಸಿಲು ಚೆನ್ನಾಗಿ ಬೀಳುತ್ತದೆ ಎಂದು ನಾನು ಹೇಳಿದೆ. ಅತ್ತೆ ನನ್ನ ಕಡೆ ತಿರುಗಿದರು.

“ಅಳಿಯಂದ್ರೇ, ಅದಕ್ಕೆ ಎಷ್ಟು ನೀರು ಹಿಡಿಯುತ್ತೆ?”

“ಎಂಟು ಸಾವಿರ ಲೀಟರ್ ಅಂತ ಬರೆದಿದ್ದಾರೆ.”

“ಅಂದ್ರೆ ಎಂಟು ಸಾವಿರ ಕೆಜಿ. ಕ್ವಿಂಟಾಲಿನ ಮೂಟೆ ಎಂಬತ್ತು ಆಯ್ತು. ಎಂಬತ್ತು ಮೂಟೆ ಅಕ್ಕೀನ ನಮ್ಮಪ್ಪ ಕಟ್ಟಿಸಿದ ತಾರಸಿ ಮೇಲೆ ಪೇರಿಸ್ತೀರಾ? ಕೆಳಗೆ ಮಲಗೋರು ಯಾರು, ನೀವೇ ತಾನೆ?”

ಹೀಗೆ ತೊಟ್ಟಿ ಹಿತ್ತಲಿಗೆ ಬಂತು. ನಾನು ಇನ್ಶೂರೆನ್ಸ್ ಆಫೀಸಿಗೆ ರಜೆ ಹಾಕಿ ನೆಲ ಸಮ ಮಾಡಿದೆ, ಮರಳು ಜರಡಿ ಹಿಡಿದು ಹರಡಿದೆ. ಪೈಪುಗಳನ್ನು ಒಂದಕ್ಕೊಂದು ಸಿಕ್ಕಿಸಿ ಪಿನ್ನು ಹೊಡೆಯುವ ಕೆಲಸ ಇಬ್ಬರದೂ. ಬೋರ್‌ವೆಲ್ಲಿನ ಮೋಟಾರು ಬಿಟ್ಟು ಬಿಟ್ಟು ಹಾಕಿ ತುಂಬಿಸಲು ಎರಡು ದಿನ ಹಿಡಿಯಿತು. ತುಂಬಿದ ಮೇಲೆ ಅತ್ತೆ ಕುರ್ಚಿ ತರಿಸಿಕೊಂಡು ಪಕ್ಕದಲ್ಲಿ ಕೂತು, ಇಡೀ ಸಂಜೆ ಅದನ್ನೇ ನೋಡಿದರು. ನೀಲಿ ಹಾಳೆಯ ಮೇಲೆ ನೀರು ಅಲುಗುವುದು ಅಷ್ಟು ಚೆನ್ನಾಗಿ ಕಾಣಬಹುದೆಂದು ನಮಗೆ ಯಾರಿಗೂ ಗೊತ್ತಿರಲಿಲ್ಲ.

ಮರುದಿನ ಬೆಳಿಗ್ಗೆ ಹಳೆಯ ವಾಯಿಲ್ ಸೀರೆಯುಟ್ಟು ಇಳಿದರು. ಹೆಂಡತಿ ಮುಂದೆ, ನಾನು ಏಣಿ ಹಿಡಿದು ಹಿಂದೆ. ಕಾಲಿಟ್ಟ ಕೂಡಲೇ ಸೀರೆ ಗಾಳಿ ತುಂಬಿಕೊಂಡು ಸುತ್ತಲೂ ಛತ್ರಿಯ ಹಾಗೆ ಮೇಲೆದ್ದಿತು. ಅತ್ತೆ “ಶಿವ ಶಿವಾ” ಎಂದು ಎರಡು ಕೈಯಿಂದ ಅದನ್ನು ಅದುಮುತ್ತ ಹೋದರು. ಒಂದು ಕಡೆ ಅದುಮಿದರೆ ಇನ್ನೊಂದು ಕಡೆ ಏಳುತ್ತಿತ್ತು. ಆ ಗಡಿಬಿಡಿಯಲ್ಲಿ ತಾವು ಎರಡೂ ಕೈ ಬಿಟ್ಟು ನಿಂತಿರುವುದನ್ನು ಅವರು ಗಮನಿಸಲೇ ಇಲ್ಲ. ನಾವೂ ಹೇಳಲಿಲ್ಲ. ಮರುದಿನದಿಂದ ನೈಟಿ. ಅಂಚು ಹಿಡಿದು ಸುತ್ತ ನಡೆಯುತ್ತಿದ್ದರು. “ಪ್ರದಕ್ಷಿಣೆ ಹಾಕಿಸ್ತಿದೀರಿ, ನಡುವೆ ದೇವರೇ ಇಲ್ಲ” ಎಂದು ಗೊಣಗುತ್ತಿದ್ದರೂ ಒಂದು ದಿನ ತಪ್ಪಿಸಲಿಲ್ಲ. ತೊಟ್ಟಿಯಿಂದ ಎದ್ದು ಮತ್ತೆ ಬಚ್ಚಲಿಗೆ ಹೋಗಿ ಸ್ನಾನ ಮಾಡಿ, ಆಮೇಲೆ ಲಿಂಗಪೂಜೆ. ಎರಡು ಸಲ ಯಾಕೆ ಎಂದು ಕೇಳಿದರೆ, “ಆ ಮದ್ದು ಹಾಕಿದ ನೀರು ಸ್ನಾನದ ಲೆಕ್ಕಕ್ಕೆ ಬರಲ್ಲ” ಎನ್ನುತ್ತಿದ್ದರು.

ಮದ್ದಿನ ವಿಷಯ ಹೇಳಬೇಕು. ತೊಟ್ಟಿ ತರುವುದು ಸುಲಭ, ನೀರನ್ನು ನೀರಾಗಿಯೇ ಉಳಿಸುವುದು ಕಷ್ಟ. ಕ್ಲೋರಿನ್ ಪುಡಿ ಕರಗಿಸಿ ಹಾಕಬೇಕು, ಕಾಗದದ ಪಟ್ಟಿ ಅದ್ದಿ ಅದರ ಬಣ್ಣ ನೋಡಬೇಕು, ದಿನಕ್ಕೆ ಇಷ್ಟು ಹೊತ್ತು ಎಂದು ಫಿಲ್ಟರಿನ ಪಂಪು ಓಡಿಸಬೇಕು, ಒಳಗಿನ ಬಟ್ಟೆಯಂಥ ಉರುಳೆಯನ್ನು ತೆಗೆದು ತೊಳೆಯಬೇಕು. ಬೆಳಗಿನ ಕಾಫಿಗೆ ಮೊದಲೇ ಉದ್ದ ಕೋಲಿನ ಜಾಲರಿ ಹಿಡಿದು ನಾನು ಹಿತ್ತಲಿನಲ್ಲಿ ನಿಂತಿರುತ್ತಿದ್ದೆ. ಏನೇನು ಬಿದ್ದಿರುತ್ತಿತ್ತೋ! ಇರುವೆಯ ದಂಡು, ಜಿರಲೆ, ಯಾರದೋ ಮಾಳಿಗೆಯಿಂದ ಹಾರಿ ಬಂದ ಕಾಲುಚೀಲ. ಕಾಗೆಗಳಂತೂ ಒಣಗಿದ ತಿಂಡಿಯನ್ನೆಲ್ಲ ತಂದು ನಮ್ಮ ನೀರಿನಲ್ಲಿ ನೆನೆಸಿಕೊಂಡು ತಿನ್ನುತ್ತಿದ್ದವು. ಪಿತೃಪಕ್ಷದ ಹದಿನೈದು ದಿನ ಬೀದಿಯ ಎಲ್ಲ ಮನೆಗಳ ವಡೆಯ ಚೂರನ್ನು ನಾನು ಜಾಲರಿಯಲ್ಲಿ ಎತ್ತಿದ್ದೇನೆ. ಯಾರ ಮನೆಯ ವಡೆ ಗಟ್ಟಿ, ಯಾರದು ಮೃದು ಎಂದು ಆಗ ಕೇಳಿದ್ದರೆ ಹೇಳುತ್ತಿದ್ದೆ.

ಅತ್ತೆ ಒಂದು ದಿನ ನಾನಿಲ್ಲದಾಗ ತಾವೇ ಕ್ಲೋರಿನ್ ಹಾಕಿದರು. ಅಳತೆಯ ಚಮಚ ಹಾಕಿ, ಮೇಲೊಂದು ಹಿಡಿ. ಅಂಗಡಿಯಲ್ಲಿ ಅಳೆದು ಕೊಟ್ಟ ಮೇಲೆ ಗಿರಾಕಿಗೆ ಒಂದು ಹಿಡಿ ಕೊಸರು ಹಾಕಿ ಅಭ್ಯಾಸವಾದ ಕೈ ಅದು. ನೀರಿಗೂ ಕೊಸರು ಕೊಟ್ಟಿತು. ಮರುದಿನ ಬೆಳಿಗ್ಗೆ ಕಡುಹಸಿರು ನೈಟಿಯಲ್ಲಿ ಇಳಿದ ಅತ್ತೆ, ಕಣ್ಣುರಿ ಎನ್ನುತ್ತ ಎದ್ದು ಬಂದರು. ಅದು ಒಣಗಿದ ಮೇಲೆ ನೋಡಿದರೆ ಮೇಲಿನ ಅರ್ಧ ಹಸಿರು, ಕೆಳಗಿನ ಅರ್ಧ ಹೆಸರುಬೇಳೆ ಬಣ್ಣ. ಅವರು ಅದನ್ನು ಎಸೆಯಲಿಲ್ಲ. “ನೀರು ಎಲ್ಲಿವರೆಗೆ ಇದೆ ಅಂತ ಗೊತ್ತಾಗುತ್ತೆ, ಇರ್ಲಿ ಬಿಡಿ” ಎಂದು ಅದನ್ನೇ ತೊಟ್ಟಿಯ ಸಮವಸ್ತ್ರ ಮಾಡಿಕೊಂಡರು.

ಇದೆಲ್ಲಕ್ಕಿಂತ ದೊಡ್ಡ ತಲೆನೋವು ಪಕ್ಕದ ಮನೆಯ ಗಸಗಸೆ ಹಣ್ಣಿನ ಮರ. ಕಾಂಪೌಂಡಿನ ಆಚೆ ಬೇರು, ಈಚೆ ಕೊಂಬೆ. ಎಲೆ, ಹೂವು, ಪುಟ್ಟ ಕೆಂಪು ಹಣ್ಣು ಎಲ್ಲವನ್ನೂ ನಮ್ಮ ತೊಟ್ಟಿಗೇ ಸುರಿಯುತ್ತಿತ್ತು. ಆ ಮನೆಯಲ್ಲಿದ್ದವರು ಅತ್ತೆಗಿಂತ ಒಂದೆರಡು ವರ್ಷ ಚಿಕ್ಕ ಹೆಂಗಸು. ಯಾವುದೋ ಸರ್ಕಾರಿ ಇಲಾಖೆಯಲ್ಲಿ ಗುಮಾಸ್ತೆಯಾಗಿದ್ದು ನಿವೃತ್ತರಾದವರು, ಗಂಡನೊಂದಿಗೆ ಇದ್ದರು. ಅವರಿಗೂ ಅತ್ತೆಗೂ ಹಬ್ಬಕ್ಕೆ ಎಳ್ಳು ಬೆಲ್ಲ ಕೊಟ್ಟು ತೆಗೆದುಕೊಳ್ಳುವಷ್ಟು ಬಳಕೆ, ಆ ಮರದ ವಿಷಯಕ್ಕೆ ಮಾತು ಬಿಡುವಷ್ಟು ಜಗಳ. ತೊಟ್ಟಿ ಬಂದ ಮೇಲೆ ಜಗಳ ಜಾಸ್ತಿಯಾಯಿತು. ಒಂದು ಬೆಳಿಗ್ಗೆ ಅತ್ತೆ ನೀರಿನಲ್ಲಿ ನಿಂತೇ ಕೂಗಿದರು.

“ಏನ್ರೀ, ನಿಮ್ಮ ಮರ ನಮ್ಮ ತೊಟ್ಟೀನೇ ಕಸದ ಬುಟ್ಟಿ ಅಂದ್ಕೊಂಡಿದೆ. ಸ್ವಲ್ಪ ಬಂದು ನೋಡಿ!”

ಇಷ್ಟು ದಿನ ಅವರು ಬಂದಿರಲಿಲ್ಲ. ಅವತ್ತು ಬಂದರು. ಹಿತ್ತಲ ಬಾಗಿಲಿನಿಂದ ಒಳಗೆ ಬಂದವರು ಎಲೆಯನ್ನೂ ನೋಡಲಿಲ್ಲ, ಮರವನ್ನೂ ನೋಡಲಿಲ್ಲ. ಅಂಚನ್ನು ಭದ್ರವಾಗಿ ಹಿಡಿದು ನಿಂತಿದ್ದ ಅತ್ತೆಯನ್ನೇ ನೋಡಿ ಕೇಳಿದರು.

“ಯಾಕ್ರೀ ಹಾಗೆ ಹಿಡ್ಕೊಂಡಿದೀರಾ?”

“ಬಿಟ್ರೆ ಮುಳುಗ್ತೀನಲ್ಲ.”

“ಇಷ್ಟು ನೀರಲ್ಲಿ ಮುಳುಗಬೇಕು ಅಂದ್ರೆ ಪ್ರಯತ್ನಪಟ್ಟು ಮುಳುಗಬೇಕು. ನೀರು ನಿಮ್ಮನ್ನ ಎತ್ತುತ್ತೆ ರೀ, ನೀವೇ ಬಿಡ್ತಿಲ್ಲ.”

“ಹೇಳೋದು ಸುಲಭ. ನೀವು ಇಳಿದು ನೋಡಿ.”

ಆಕೆ ನನ್ನ ಕಡೆ ತಿರುಗಿ, “ಏನಪ್ಪಾ, ನೀನು ಆಫೀಸಿಗೆ ಹೊರಡೋದು ಯಾವಾಗ?” ಎಂದರು. ನನಗೆ ಅರ್ಥವಾಗಿ ಒಳಗೆ ಹೋದೆ. ಮುಂದಿನದನ್ನು ಹೆಂಡತಿ ಹೇಳಿದಳು. ಅವರು ಮನೆಗೆ ಹೋಗಿ ಹಳೆಯ ಚೂಡಿದಾರ ಹಾಕಿಕೊಂಡು ಬಂದು, ಏಣಿಯ ಮೇಲಿಂದ ಸಲೀಸಾಗಿ ಇಳಿದು, ನೀರಿನ ಮೇಲೆ ಮಲಗಿಬಿಟ್ಟರಂತೆ. ಚಾಪೆಯ ಮೇಲೆ ಮಲಗಿದ ಹಾಗೆ. ಕೈಕಾಲು ಅಲ್ಲಾಡಿಸದೆ, ಕಣ್ಣು ಮುಚ್ಚಿಕೊಂಡು. ಅತ್ತೆ ಹೆದರಿ, “ಏಳ್ರೀ, ಏಳ್ರೀ, ಏನಾಯ್ತು?” ಎಂದು ಅವರ ಭುಜ ಅಲುಗಿಸಲು ಅಂಚು ಬಿಟ್ಟು ತೊಟ್ಟಿಯ ನಡುವಿನವರೆಗೂ ನಡೆದುಹೋದರಂತೆ.

ಪಕ್ಕದ ಮನೆಯವರದು ಶ್ರೀರಂಗಪಟ್ಟಣದ ಆಚೆ, ಕಾವೇರಿ ದಂಡೆಯ ಊರು. ಅಣ್ಣಂದಿರ ಹಿಂದೆ ಹೋಗಿ ನಾಲೆಯಲ್ಲಿ ಈಜು ಕಲಿತವರು. ದೊಡ್ಡವಳಾದಳು ಎಂದು ಮನೆಯಲ್ಲಿ ನಿಲ್ಲಿಸಿದರಂತೆ. ಆಮೇಲೆ ಮದುವೆ, ಬೆಂಗಳೂರು, ಕೆಲಸ. ಐವತ್ತು ವರ್ಷಕ್ಕೂ ಹೆಚ್ಚು ಕಾಲ ಬಕೆಟ್ಟಿನ ನೀರು ಬಿಟ್ಟು ಬೇರೆ ನೀರು ಮುಟ್ಟಿರಲಿಲ್ಲ. ತೊಟ್ಟಿ ಬಂದ ದಿನದಿಂದಲೂ ಅವರು ತಮ್ಮ ಮಾಳಿಗೆಯಿಂದ ಇಣುಕಿ ನೋಡುತ್ತಿದ್ದರಂತೆ. ಕೇಳಲು ಸಂಕೋಚ, ಅದರ ಮೇಲೆ ಮರದ ಜಗಳ. “ನೀವು ಕೂಗಿದ್ದು ಒಳ್ಳೇದೇ ಆಯ್ತು” ಎಂದರಂತೆ ಅತ್ತೆಗೆ.

ಅವತ್ತಿನಿಂದ ನಮ್ಮ ಮನೆಯ ಬೆಳಗು ಬದಲಾಯಿತು. ನಾನು ಜಾಲರಿ ಆಡಿಸಿ ಒಳಗೆ ಹೋಗುವುದು, ಹಿತ್ತಲ ಬಾಗಿಲು ಮುಚ್ಚುವುದು, ಆಮೇಲೆ ಒಂದು ಗಂಟೆ ಅಲ್ಲಿಂದ ನಗು, ನೀರಿನ ಸದ್ದು, ಬೈಗುಳ. ಅಡುಗೆಮನೆಯಲ್ಲಿ ಚಪಾತಿ ಲಟ್ಟಿಸುತ್ತ ನಾವಿಬ್ಬರೂ ಕಿವಿಗೊಡುತ್ತಿದ್ದೆವು.

“ತಲೆ ಹಿಂದಕ್ಕೆ ಬಿಡಿ. ಇನ್ನೂ ಬಿಡಿ. ಕಿವಿಗೆ ನೀರು ಹೋದ್ರೆ ಹೋಗ್ಲಿ.”

“ನೀವು ಕೈ ತೆಗೆದ್ರೋ ನೋಡಿ ಮತ್ತೆ!”

“ತೆಗೆದು ಆಗ್ಲೇ ಎಷ್ಟೊತ್ತಾಯ್ತು.”

ಅದರ ಹಿಂದೆಯೇ ದೊಡ್ಡದಾಗಿ ನೀರು ಎರಚಿದ ಸದ್ದು, ಕೆಮ್ಮು, ಅತ್ತೆಯ ಬೈಗುಳ. ಹೀಗೆ ವಾರಗಟ್ಟಲೆ ನಡೆಯಿತು. ಒಂದು ದಿನ ಮಾತ್ರ ಕೆಮ್ಮೂ ಇಲ್ಲ, ಬೈಗುಳವೂ ಇಲ್ಲ. ಬಹಳ ಹೊತ್ತು ಸದ್ದೇ ಬರಲಿಲ್ಲ. ಹೆಂಡತಿ ಲಟ್ಟಣಿಗೆ ಹಿಡಿದುಕೊಂಡೇ ಓಡಿದಳು. ಬಾಗಿಲ ಸಂದಿಯಿಂದ ನೋಡಿ ಹಿಂತಿರುಗಿ ಬಂದವಳ ಕಣ್ಣಲ್ಲಿ ನೀರಿತ್ತು.

“ತೇಲ್ತಿದಾರೆ ರೀ” ಎಂದಳು ಪಿಸುಮಾತಿನಲ್ಲಿ. “ಇಬ್ಬರೂ. ಅಮ್ಮ ಆಕಾಶ ನೋಡ್ತಿದಾರೆ.”

ಅತ್ತೆ ಹಾಗೆ ಸುಮ್ಮನೆ ಆಕಾಶ ನೋಡಿದ್ದನ್ನು ಅವಳು ಹುಟ್ಟಿದಾಗಿನಿಂದ ಕಂಡಿರಲಿಲ್ಲ. ಮನೆಯ ಗೋಡೆಯ ಮೇಲಿನ ಕಂದು ಪಟ್ಟಿಗೆ ಆ ದೀಪಾವಳಿಗೆ ಬಣ್ಣ ಬಳಿಸಿದೆವು. ಮತ್ತೆ ಮೂಡಲಿಲ್ಲ.

ಎಲ್ಲವೂ ನಯವಾಗಿ ನಡೆಯಿತು ಎಂದಲ್ಲ. ಒಮ್ಮೆ ಸಂಬಂಧಿಕರ ಮದುವೆಗೆಂದು ತುಮಕೂರಿಗೆ ಹೋಗಿ ಮೂರ್ನಾಲ್ಕು ದಿನ ಉಳಿದೆವು. ಅಷ್ಟರಲ್ಲಿ ಕರೆಂಟು ಕೈಕೊಟ್ಟು ಪಂಪು ನಿಂತಿತ್ತು. ಬಂದು ನೋಡಿದರೆ ತೊಟ್ಟಿಯ ತುಂಬ ಪಾಲಕ್ ಸಾರು. ಗೋಡೆಗೆಲ್ಲ ಪಾಚಿ, ಮುಟ್ಟಿದರೆ ಲೋಳೆ. ನಾನು ಒಳಗಿಳಿದು ಬ್ರಷ್ಷಿನಿಂದ ಉಜ್ಜುತ್ತಿದ್ದವನು ಕಾಲುಜಾರಿ ಕೂತೇಬಿಟ್ಟೆ. ಅತ್ತೆ ಕುರ್ಚಿಯಲ್ಲಿ ಕೂತು, “ನೀರು ಎತ್ತುತ್ತೆ ಬಿಡಿ, ಏನೂ ಆಗಲ್ಲ” ಎಂದರು. ಪಕ್ಕದ ಮನೆಯವರು ಸೆರಗನ್ನು ಬಾಯಿಗೆ ಒತ್ತಿಕೊಂಡು ನಗುತ್ತಿದ್ದರು. ನೀರು ಮತ್ತೆ ತಿಳಿಯಾಗಲು ವಾರ ಹಿಡಿಯಿತು. ಆ ವಾರವಿಡೀ ಇಬ್ಬರೂ ಕಾಲೇಜಿನ ಹುಡುಗಿಯರ ಹಾಗೆ ದಿನಕ್ಕೆರಡು ಸಲ ಬಂದು, “ಇವತ್ತು ಇಳೀಬಹುದಾ?” ಎಂದು ನನ್ನನ್ನು ಕೇಳುತ್ತಿದ್ದರು.

ಮೂರನೆಯ ಬೇಸಿಗೆಯ ಹೊತ್ತಿಗೆ ಊರಿನ ನೀರಿನ ಕಥೆ ಕೆಟ್ಟಿತು. ಹಿಂದಿನ ವರ್ಷ ಮಳೆ ಸರಿಯಾಗಿ ಬಂದಿರಲಿಲ್ಲ. ನಲ್ಲಿಯಲ್ಲಿ ನೀರು ಬರುವ ದಿನ ದೂರದೂರವಾಯಿತು. ಬೀದಿಯ ಬೋರ್‌ವೆಲ್‌ಗಳು ಒಂದೊಂದಾಗಿ ಗಾಳಿ ಉಗುಳತೊಡಗಿದವು. ಟ್ಯಾಂಕರಿಗೆ ಫೋನು ಮಾಡಿದರೆ ನಾಳೆ, ನಾಡಿದ್ದು ಎನ್ನುತ್ತಿದ್ದರು. ಕುಡಿಯುವ ನೀರಿನಲ್ಲಿ ಗಾಡಿ ತೊಳೆಯಬೇಡಿ, ಈಜುಕೊಳ ತುಂಬಿಸಬೇಡಿ ಎಂದು ಪೇಪರಿನಲ್ಲಿ ಬಂತು. ನಮ್ಮದು ಹಳೆಯ ನೀರು, ಅದೇ ಫಿಲ್ಟರಾಗಿ ತಿರುಗುತ್ತದೆ, ಆರಿಹೋದಷ್ಟು ಮಾತ್ರ ತುಂಬಿಸುತ್ತೇವೆ ಎಂದು ನಾನು ವಾದ ತಯಾರಿ ಮಾಡಿಟ್ಟುಕೊಂಡಿದ್ದೆ. ಯಾರೂ ಬಂದು ಕೇಳಲಿಲ್ಲ. ಆದರೆ ಒಂದು ಬೆಳಿಗ್ಗೆ ಅತ್ತೆ ತೊಟ್ಟಿಗೆ ಇಳಿಯದೆ ಮುಂಬಾಗಿಲಿನಲ್ಲಿ ನಿಂತಿದ್ದರು. ಎದುರು ಸಾಲಿನ ಹೆಂಗಸರು ಕೊಡ, ಪೇಂಟಿನ ಡಬ್ಬ ಹಿಡಿದು ಟ್ಯಾಂಕರಿಗೆ ಕಾಯುತ್ತಿದ್ದರು.

ಕಾಫಿಯ ಹೊತ್ತಿಗೆ ಅತ್ತೆ ಹೇಳಿದರು. “ಬೀದಿ ಜನ ಕೊಡ ಹಿಡ್ಕೊಂಡು ನಿಂತಿರೋವಾಗ ನಾನು ಒಳಗೆ ತೇಲ್ತಾ ಮಲಗಿರೋದು ಚೆನ್ನಾಗಿರಲ್ಲ. ಬಿಚ್ಚಿಬಿಡೋಣ.”

“ನಾಳೆ ಪಕ್ಕದ ಮನೆ ಆಂಟಿಗೆ ಒಂದು ಮಾತು...” ಎಂದಳು ಹೆಂಡತಿ.

“ಅವರೇ ನಿನ್ನೆ ಹೇಳಿದ್ದು. ನನಗೆ ಹೇಳೋಕೆ ಬಾಯಿ ಬರ್ತಿರಲಿಲ್ಲ.”

ನೀರನ್ನು ಚರಂಡಿಗೆ ಬಿಡುವ ಮಾತೇ ಇರಲಿಲ್ಲ. ಕ್ಲೋರಿನ್ ಹಾಕುವುದನ್ನು ನಿಲ್ಲಿಸಿ, ಕೆಲವು ದಿನ ಬಿಸಿಲಿಗೆ ಬಿಟ್ಟೆವು. ಕಾಗದದ ಪಟ್ಟಿ ಬಣ್ಣ ತಿರುಗದೆ ಬೆಳ್ಳಗೆ ಉಳಿಯುವವರೆಗೆ ಕಾದೆವು. ಆಮೇಲೆ ಒಂದು ಭಾನುವಾರ ಬೆಳಿಗ್ಗೆ ಅತ್ತೆ ಗೇಟಿನ ಹತ್ತಿರ ಕುರ್ಚಿ ಹಾಕಿಸಿಕೊಂಡು ಕೂತರು. ಅಂಗಡಿ ಬಿಟ್ಟ ಮೇಲೆ ಆ ಗತ್ತು ನಾನು ನೋಡಿರಲಿಲ್ಲ.

“ಕುಡಿಯೋಕಲ್ಲ, ಅಡುಗೆಗಲ್ಲ! ಕಕ್ಕಸಿಗೆ, ನೆಲ ಒರೆಸೋಕೆ, ಗಿಡಕ್ಕೆ. ಮಕ್ಕಳ ಕೈಗೆ ಕೊಡಬೇಡಿ. ಏ, ಆ ದೊಡ್ಡ ಡ್ರಮ್ ಹಿಂದೆ ಇಡಿ, ಮೊದಲು ಕೊಡ ತಂದೋರು ಬರ್ಲಿ!”

ಪಂಪಿಗೆ ಉದ್ದ ಪೈಪು ಸಿಕ್ಕಿಸಿ ನಾನು ಗೇಟಿನವರೆಗೆ ಎಳೆದು ತಂದಿದ್ದೆ. ಬೀದಿಯವರೆಲ್ಲ ಬಂದರು. ಎರಡು ವರ್ಷದಿಂದ ಬರೀ ಸದ್ದು ಕೇಳಿಸಿಕೊಂಡವರಿಗೆ ಅವತ್ತು ತೊಟ್ಟಿಯನ್ನು ಕಣ್ಣಾರೆ ನೋಡುವ ಆಸೆ. ಕೊಡ ತುಂಬುವುದರೊಳಗೆ ಹಿತ್ತಲಿಗೆ ಹೋಗಿ ನೋಡಿ, “ಇಷ್ಟೇನಾ!” ಎಂದವರೂ ಇದ್ದರು, “ಇಷ್ಟು ದೊಡ್ಡದಾ!” ಎಂದವರೂ ಇದ್ದರು. ನಡುವೆ ಪೈಪು ನನ್ನ ಕೈಯಿಂದ ಜಾರಿ, ಅವೆನ್ಯೂ ರಸ್ತೆಯಲ್ಲಿ ಅಂಗಡಿ ಇಟ್ಟಿರುವ ಎದುರುಮನೆಯವರ ಇಸ್ತ್ರಿ ಮಾಡಿದ ಬಿಳಿ ಅಂಗಿ ಪೂರ್ತಿ ನೆನೆಯಿತು. “ಬರಗಾಲದಲ್ಲಿ ನೀವೊಬ್ರೇ ಸ್ನಾನ ಮಾಡಿಸಿದ್ದು” ಎಂದು ಅವರು ನಕ್ಕರು. ಮಧ್ಯಾಹ್ನದ ಹೊತ್ತಿಗೆ ನೀರು ಪಾದದ ಮಟ್ಟಕ್ಕೆ ಇಳಿಯಿತು. ಉಳಿದದ್ದನ್ನು ಪಕ್ಕದ ಮನೆಯವರು ಬಕೆಟ್ಟಿನಲ್ಲಿ ಎತ್ತಿ ಎತ್ತಿ ಗಸಗಸೆ ಮರದ ಬುಡಕ್ಕೆ ಹಾಕಿದರು. ಅತ್ತೆ ನೋಡುತ್ತ ಕೂತಿದ್ದರು.

ಕಟ್ಟುವುದಕ್ಕೆ ಅರ್ಧ ದಿನ ಹಿಡಿದಿದ್ದ ತೊಟ್ಟಿಯನ್ನು ಬಿಚ್ಚುವುದಕ್ಕೆ ಮುಂದಿನ ವಾರವಿಡೀ ಬೇಕಾಯಿತು. ಪಿನ್ನುಗಳು ತುಕ್ಕು ಹಿಡಿದು ಪೈಪಿಗೇ ಅಂಟಿದ್ದವು. ಕೊಬ್ಬರಿ ಎಣ್ಣೆ ಬಿಟ್ಟು ಒಂದು ರಾತ್ರಿ ಕಾದು, ಮರದ ಸುತ್ತಿಗೆಯಿಂದ ತಟ್ಟಿದರೆ ಒಂದು ಬರುತ್ತಿತ್ತು, ಪಕ್ಕದ್ದು ಹಟ ಹಿಡಿಯುತ್ತಿತ್ತು. ಹೆಂಡತಿ ಪೈಪನ್ನು ತಿರುಚಿ ಹಿಡಿಯುವುದು, ನಾನು ಹೊಡೆಯುವುದು. ಹೊಡೆತ ತಪ್ಪಿ ನನ್ನ ಹೆಬ್ಬೆರಳಿಗೆ ಬಿದ್ದಾಗ ಅತ್ತೆ ಅರಿಶಿನ ತಂದರು. ತಳದಲ್ಲಿ ಉಳಿದಿದ್ದ ಕೆಸರನ್ನು ಕಸದ ಮೊರದಿಂದ ಬಾಚಿ, ಹಳೆಯ ಬಟ್ಟೆಯಿಂದ ಒರೆಸಿದೆವು. ಹಾಳೆಯನ್ನು ಎಳೆದಾಗ ಕೆಳಗಿನ ಮಣ್ಣು ದುಂಡಗೆ, ನುಣ್ಣಗೆ, ಸಾರಿಸಿದ ಅಂಗಳದ ಹಾಗೆ ಕಂಡಿತು. ಒಂದೇ ಒಂದು ಹುಲ್ಲು ಇರಲಿಲ್ಲ. ಅದರ ಮೇಲೆ ನಡೆಯಲು ಮನಸ್ಸಾಗದೆ ನಾವು ಸ್ವಲ್ಪ ಹೊತ್ತು ಅಂಚಿನಲ್ಲೇ ನಿಂತೆವು. ಯಾಕೆಂದು ಗೊತ್ತಿಲ್ಲ.

ಹಾಳೆಯನ್ನು ಒಣಗಿಸದೆ ಮಡಚಿದರೆ ಬೂಷ್ಟು ಹಿಡಿಯುತ್ತದೆ ಎಂದು ಮಾಳಿಗೆಗೆ ಸಾಗಿಸಿ ಮೋಟುಗೋಡೆಯ ಮೇಲೆ ಹರವಿದೆವು. ಮೂರು ಜನಕ್ಕೂ ಏದುಸಿರು ಬಂತು. ಸಂಜೆ ಇದ್ದಕ್ಕಿದ್ದಂತೆ ಗಾಳಿ ಎದ್ದಿತು. ನಾವು ಕಾಫಿ ಕುಡಿಯುತ್ತಿದ್ದೆವು. ಮೇಲಿಂದ ದೊಡ್ಡದಾಗಿ ಬಡಬಡ ಸದ್ದು, ಆಮೇಲೆ ಕೊಂಬೆ ಮುರಿದ ಸದ್ದು. ಹೊರಗೆ ಬಂದು ನೋಡಿದರೆ ನಮ್ಮ ನೀಲಿ ಹಾಳೆ ಮಾಳಿಗೆಯಿಂದ ಜಾರಿ ಗಸಗಸೆ ಮರದ ಮೇಲೆ ಸೀರೆ ಉಡಿಸಿದ ಹಾಗೆ ಹರಡಿಕೊಂಡಿತ್ತು. ಮರದ ಕೆಳಗೆ ಪಕ್ಕದ ಮನೆಯವರು ಸೊಂಟದ ಮೇಲೆ ಕೈಯಿಟ್ಟು ನಿಂತಿದ್ದರು.

“ನಮ್ಮ ಎಲೆ ನಿಮ್ಮ ತೊಟ್ಟಿಗೆ ಬಿತ್ತು ಅಂತ ಎಷ್ಟು ಗಲಾಟೆ ಮಾಡಿದ್ರಿ! ಈಗ ನಿಮ್ಮ ತೊಟ್ಟಿನೇ ನಮ್ಮ ಮರದ ಮೇಲೆ ಬಿದ್ದಿದೆ. ಯಾರನ್ನ ಕೇಳ್ಲಿ ನಾನು?”

ಅತ್ತೆ ನಕ್ಕಿದ್ದು ಅಷ್ಟಿಷ್ಟಲ್ಲ. ಕಾಂಪೌಂಡು ಹಿಡಿದು, ಕಣ್ಣೊರೆಸಿಕೊಂಡು, ಮತ್ತೆ ನೋಡಿ ಮತ್ತೆ ನಕ್ಕರು. ಹಾಳೆ ಎರಡು ಕಡೆ ಹರಿದಿತ್ತು. ಇನ್ನು ನೀರಿಗೆ ಬರುವುದಿಲ್ಲ ಎಂದು ಗೊತ್ತಾದ ಮೇಲೆ ಅದನ್ನು ಕತ್ತರಿಸಿ ತರಗುಪೇಟೆಯ ಅಂಗಡಿಗೆ ಕಳಿಸಿದರು. ಮಳೆ ಬಂದಾಗ ಮೂಟೆ ಮುಚ್ಚಲು ಈಗಲೂ ಅದೇ. ಪೈಪುಗಳ ಮೇಲೆ ಹಿತ್ತಲಿನಲ್ಲಿ ಹಾಗಲಬಳ್ಳಿ ಹಬ್ಬಿದೆ.

ತೊಟ್ಟಿ ಬಿಚ್ಚಿದ ಕೆಲವೇ ದಿನಕ್ಕೆ ಮಳೆ ಬಂತು. ರಸ್ತೆ ತುಂಬಿ ಹರಿಯಿತು. “ಅಮ್ಮ, ಇನ್ನೊಂದು ಹತ್ತು ದಿನ ಕಾದಿದ್ರೆ ಆಗ್ತಿತ್ತು” ಎಂದಳು ಹೆಂಡತಿ ಕಿಟಕಿಯಲ್ಲಿ ನಿಂತು. “ನಾವು ಕಾದಿದ್ರೆ ಅದು ಬರ್ತಿರಲಿಲ್ಲ” ಎಂದರು ಅತ್ತೆ.

ಹೇಳಿದ್ದು ಹಾಗೆ. ಆದರೆ ಬೆಳಗಿನ ಹೊತ್ತು ಅವರಿಗೆ ಕಳೆಯುತ್ತಿರಲಿಲ್ಲ. ಪೇಪರ್ ಓದಿ, ಮತ್ತೆ ಅದೇ ಪೇಪರ್ ತಿರುವಿ, ಹಿತ್ತಲಿಗೆ ಹೋಗಿ ಬರುತ್ತಿದ್ದರು. ಪಕ್ಕದ ಮನೆಯವರೂ ಒಮ್ಮೆ ಬಂದು ಖಾಲಿ ಜಾಗ ನೋಡಿ, ಕಾಫಿ ಕುಡಿದು ಹೋದರು. ಊರಿನ ನೀರು ಸುಧಾರಿಸಿ ಈಜುಕೊಳಗಳು ಮತ್ತೆ ತೆರೆದ ಮೇಲೆ, ಆಕೆಯೇ ಒಂದು ದಿನ ಬಂದು ಅತ್ತೆಯ ಪಕ್ಕದಲ್ಲಿ ಕೂತರು.

“ನಾನು ವಿಚಾರಿಸ್ಕೊಂಡು ಬಂದೆ ರೀ. ಬೆಳಿಗ್ಗೆ ಲೇಡೀಸ್ ಬ್ಯಾಚ್ ಇದೆ. ಒಬ್ಳೇ ಹೋಗೋಕೆ ನಂಗೆ ಮುಜುಗರ. ನೀವು ಬಂದ್ರೆ ಹೋಗ್ತೀನಿ, ಇಲ್ಲಾಂದ್ರೆ ಇಲ್ಲ.”

ಅತ್ತೆಯ ಒಳ್ಳೆಯದಕ್ಕೆಂದು ಕರೆದಿದ್ದರೆ ಅವರು ಆಗಲ್ಲ ಎನ್ನುತ್ತಿದ್ದರೋ ಏನೋ. ಇನ್ನೊಬ್ಬರಿಗೆ ಮುಜುಗರ ಎಂದ ಮೇಲೆ ಅವರು ಎದ್ದು ನಿಂತರು. ಈಜುಡುಗೆಯ ಅಂಗಡಿಯಲ್ಲಿ ಬಟ್ಟೆಯನ್ನು ಬೆರಳ ನಡುವೆ ಉಜ್ಜಿ, ಎಳೆದು, ಬೆಳಕಿಗೆ ಹಿಡಿದು ಪರೀಕ್ಷಿಸಿದರು. ಮೊಣಕಾಲಿನ ಕೆಳಗಿನವರೆಗೆ ಬರುವಂಥದ್ದು ಎರಡು ತೆಗೆದುಕೊಂಡರು. ಕಪ್ಪು ಒಂದು, ನೇರಳೆ ಒಂದು. ನೇರಳೆ ತಮಗೆ.

ಇಬ್ಬರನ್ನೂ ಕಾರಿನಲ್ಲಿ ಕರೆದುಕೊಂಡು ಹೋಗುವುದು ನನ್ನ ಪಾಲಿಗೆ ಬಂತು. ಗಂಡಸರಿಗೆ ಒಳಗೆ ಪ್ರವೇಶವಿಲ್ಲ. ಹೊರಗೆ ಹೊಂಗೆ ಮರದ ಕೆಳಗೆ ನಿಂತು, ಸೀಟಿಯ ಸದ್ದು ಕೇಳುತ್ತ ಪೇಪರ್ ಓದುತ್ತಿದ್ದೆ. ಮೊದಲ ದಿನ ಅತ್ತೆ ಹೊರಗೆ ಬಂದಾಗ ಮುಖ ಬಾಡಿತ್ತು. “ಅಲ್ಲಿ ಎಲ್ಲಾದಕ್ಕೂ ತುಂಬ ಜಾಗ. ಸುತ್ತ ನೋಡಿದ್ರೆ ಗೋಡೆ ಎಲ್ಲಿದೆಯೋ ಗೊತ್ತಾಗಲ್ಲ. ಪೂರ್ತಿ ಹೊತ್ತು ಕಂಬಿ ಹಿಡ್ಕೊಂಡೇ ನಿಂತಿದ್ದೆ. ಸಾಕು, ನಂಗೆ ಬೇಡ” ಎಂದರು. ಮರುದಿನ ಪಕ್ಕದ ಮನೆಯವರು ಸಮಯಕ್ಕೆ ಸರಿಯಾಗಿ ಚೀಲ ಹಿಡಿದು ನಮ್ಮ ಗೇಟಿನ ಮುಂದೆ ನಿಂತರು. ಅತ್ತೆ ಗೊಣಗುತ್ತ ಹೊರಟರು. ಅದರ ಮರುದಿನವೂ ಗೊಣಗುತ್ತ ಹೊರಟರು.

ಆಮೇಲೆ ಗೊಣಗುವುದು ನಿಂತಿತು. ಒಂದು ಬೆಳಿಗ್ಗೆ ಇಬ್ಬರೂ ಒದ್ದೆ ತಲೆಗೆ ಟವೆಲ್ ಸುತ್ತಿಕೊಂಡು ಬಂದು ಕಾರಿನಲ್ಲಿ ಕೂತರು. ನಾನು ಇನ್ನೂ ಗಾಡಿ ಸ್ಟಾರ್ಟ್ ಮಾಡಿರಲಿಲ್ಲ. ಅತ್ತೆ ಮುಂದಿನ ಸೀಟಿನಿಂದ, ಯಾರಿಗೂ ಅಲ್ಲ ಎನ್ನುವ ಹಾಗೆ, “ಇವತ್ತು ಆ ಕಡೆ ಮುಟ್ಟಿ ಬಂದೆ” ಎಂದರು.

“ಈಜ್ಕೊಂಡಾ ಅತ್ತೆ?”

“ಇನ್ನೇನು ನಡ್ಕೊಂಡಾ? ಅಲ್ಲಿ ಕಾಲಿಗೆ ನೆಲ ಸಿಗಲ್ಲ ಅಳಿಯಂದ್ರೇ.”

ನಾನು ತಿರುಗಿ ಅವರ ಮುಖ ನೋಡುತ್ತಲೇ ಇದ್ದೆ. ವಿಭೂತಿ ತೊಳೆದುಹೋದ ಹಣೆ, ಕನ್ನಡಕವಿಲ್ಲದ ಕಣ್ಣು, ಹಣೆಯಂಚಿಗೆ ಈಜುಟೋಪಿಯ ರಬ್ಬರು ಒತ್ತಿದ ಗುರುತು. ಹಿಂದಿನ ಸೀಟಿನಿಂದ ಪಕ್ಕದ ಮನೆಯವರು ನನ್ನ ಭುಜ ತಟ್ಟಿದರು.

“ಹೊರಡಪ್ಪಾ, ಹೊಟ್ಟೆ ಹಸೀತಿದೆ. ದಾರೀಲಿ ಎಲ್ಲಾದ್ರೂ ಇಡ್ಲಿ ತಿನ್ನೋಣ. ಇವತ್ತು ನಿಮ್ಮತ್ತೆ ಕೊಡಿಸ್ತಾರಂತೆ.”